ಗರ್ಭಕೋಶದೊಳಗಿನ ಗಾಯ



ಮೈಯಲ್ಲಿ ಆಳವಾದ ಗಾಯವಾದರೆ ಕಲೆ ಉಳಿಯುತ್ತದೆ. ಗರ್ಭಕೋಶದ ಒಳಪದರ ಇದಕ್ಕೆ ಹೊರತು. ತಿಂಗಳಿಗೊಮ್ಮೆ ಅದು ಕಳಚಿ ಬೀಳುತ್ತದೆ, ಕೆಲವೇ ದಿನಗಳಲ್ಲಿ ಕಲೆಯಿಲ್ಲದೆ ಮತ್ತೆ ಬೆಳೆಯುತ್ತದೆ. ಹೆಣ್ಣಿನ ಆಯುಷ್ಯದಲ್ಲಿ ಸುಮಾರು 400 ಸಲ ಹೀಗಾಗುತ್ತದೆ. ಇಂಥ ಅಂಗದಲ್ಲೂ ಕಲೆ ಕಟ್ಟುವುದು ಹೇಗೆ?

ಈ ಪದರದ ಮೇಲ್ಭಾಗ ಉದುರುವಂಥದ್ದು. ಬುಡ ಉಳಿದುಕೊಂಡು ಹೊಸ ಪದರವನ್ನು ಹುಟ್ಟಿಸುವಂಥದ್ದು. ಸೊಪ್ಪಿನ ಬೆಟ್ಟದ ಮರ ಕೊಂಬೆ ಸವರಿದರೆ ಚಿಗುರುತ್ತದೆ, ಬೊಡ್ಡೆ ಸತ್ತರೆ ಚಿಗುರದು. ಬಸಿರು ಇಳಿದಾಗ, ಹೆರಿಗೆಯ ನಂತರ ಮಾಸಿನ ಚೂರು ಒಳಗೆ ಉಳಿದಾಗ ‘ಕ್ಲೀನ್’ ಮಾಡುತ್ತಾರಲ್ಲ, ಆಗ ಕ್ಯುರೆಟ್ ಎಂಬ ಚೂಪಾದ ಕೆರೆಯುವ ಸಲಕರಣೆ ಬುಡದವರೆಗೂ ಕೆರೆದರೆ ತೊಂದರೆ ಶುರು.

ಪೆಟ್ಟು ಬಿದ್ದಲ್ಲಿ ಪ್ಲೇಟ್‌ಲೆಟ್‌ಗಳೂ ಉರಿಯೂತದ ಕೋಶಗಳೂ ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನು ಬಿಡುತ್ತವೆ. ಅದು ಪಕ್ಕದ ನಾರುಕೋಶದ ಗ್ರಾಹಕಕ್ಕೆ ಅಂಟಿದೊಡನೆ ಒಳಗಿನ ಸ್ಮ್ಯಾಡ್-2, ಸ್ಮ್ಯಾಡ್-3 ಎಂಬ ಪ್ರೋಟೀನ್‌ಗಳು ಎಚ್ಚೆತ್ತು, ಕೋಶಕೇಂದ್ರಕ್ಕೆ ಹೋಗಿ, ನಾರಿನ ಪ್ರೋಟೀನಾದ ಕೊಲಾಜೆನ್‌ನ ಜೀನ್‌ಗಳನ್ನು ಚಾಲೂ ಮಾಡುತ್ತವೆ. ನಾರುಕೋಶ ಮಯೋಫೈಬ್ರೊಬ್ಲಾಸ್ಟ್ ಎಂಬ ಬಿಗಿಯುವ ಕೋಶವಾಗಿ ಕೊಲಾಜೆನ್ ತುಂಬುತ್ತದೆ, ಸುತ್ತಲಿನದನ್ನು ಬಿಗಿದೆಳೆಯುತ್ತದೆ. ಸರಿಯಾಗಿ ಮಾಯುವ ಗಾಯದಲ್ಲಿ ಕೆಲಸ ಮುಗಿದ ಮೇಲೆ ಈ ಕೋಶಗಳು ಸಾಯುತ್ತವೆ. ಇಲ್ಲಿ ಉಳಿದುಬಿಡುತ್ತವೆ. ಬಿಗಿದ ಅಂಗಾಂಶವೇ ಇನ್ನಷ್ಟು ಟಿಜಿಎಫ್-ಬೀಟಾವನ್ನು ಬಿಡಿಸುತ್ತದೆ. ಕಲೆಯೇ ಕಲೆಯನ್ನು ಬೆಳೆಸುತ್ತದೆ. ಬಾಣಂತಿಯಲ್ಲಿ, ಅದರಲ್ಲೂ ಹಾಲೂಡಿಸುವವಳಲ್ಲಿ, ಪದರವನ್ನು ಬೆಳೆಸುವ ಈಸ್ಟ್ರೋಜನ್ ಮೊದಲೇ ಕಡಿಮೆ. ಹೆರಿಗೆಯ ನಂತರದ ವಾರಗಳಲ್ಲಿ ಕೆರೆಯುವುದು ಹೆಚ್ಚು ಅಪಾಯ ಎನ್ನುವುದಕ್ಕೆ ಇದೂ ಒಂದು ಕಾರಣ.

ಗರ್ಭಕೋಶದೊಳಗೆ ನೋಡುವ ಹಿಸ್ಟರೊಸ್ಕೋಪ್ ಹಾಕಿ ನೋಡಿದರೆ ಗುಲಾಬಿ ಬಣ್ಣದ ಪದರದ ನಡುವೆ ಬಿಳಿ ಪಟ್ಟಿಗಳು ಒಂದು ಗೋಡೆಯಿಂದ ಇನ್ನೊಂದಕ್ಕೆ ಕಟ್ಟಿಕೊಂಡಿರುತ್ತವೆ. 1894ರಲ್ಲೇ ಹೈನ್ರಿಷ್ ಫ್ರಿಚ್ ಇಂಥದ್ದನ್ನು ವರದಿ ಮಾಡಿದ್ದರು. 1948ರಲ್ಲಿ ಜೋಸೆಫ್ ಆಶರ್‌ಮನ್ 29 ಹೆಂಗಸರ ವಿವರ ಬರೆದ ಮೇಲೆ ಅವರ ಹೆಸರೇ ಕಾಯಿಲೆಗೆ ನಿಂತಿತು. ನಮ್ಮ ದೇಶದಲ್ಲಿ ಕ್ಷಯವೂ ದೊಡ್ಡ ಕಾರಣ. ಅದು ಬುಡದ ಪದರವನ್ನೇ ತಿನ್ನುವುದರಿಂದ ಚಿಕಿತ್ಸೆ ಇನ್ನೂ ಕಷ್ಟ.

ಹೀಗಾದವಳ ಅಂಡಾಶಯ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ತಿಂಗಳ ದಿನಕ್ಕೆ ಕೆಲವರಿಗೆ ಕಿಬ್ಬೊಟ್ಟೆ ನೋಯುತ್ತದೆ, ಬಟ್ಟೆಗೆ ಒಂದೆರಡು ತೊಟ್ಟು ಕಂದು ಬಣ್ಣ, ಅಷ್ಟೇ. ಅದನ್ನು ನಾಗದೋಷವೆಂದು, ಅವಳನ್ನು ಬಂಜೆಯೆಂದು ವರ್ಷಗಟ್ಟಲೆ ನೋಯಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಆ ಕಲೆಯಲ್ಲಿ ಅವಳ ತಪ್ಪು ಒಂದೆಳೆಯಷ್ಟೂ ಇಲ್ಲ.

ಟಿಜಿಎಫ್-ಬೀಟಾವನ್ನು ತಡೆದು ಗರ್ಭಕೋಶದ ಕಲೆ ಕರಗಿಸುವ ಔಷಧ ಇನ್ನೂ ಪ್ರಯೋಗಶಾಲೆ ದಾಟಿ ಬಳಕೆಗೆ ಬಂದಿಲ್ಲ. ಆದ್ದರಿಂದ ತಡೆಯುವುದೇ ಮುಖ್ಯ. ಗರ್ಭಪಾತಕ್ಕೆ ಚೂಪು ಕ್ಯುರೆಟ್ ಬಿಟ್ಟು ನಿರ್ವಾತ ಹೀರಿಕೆ ಅಥವಾ ಮಾತ್ರೆ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಸ್ಪಷ್ಟವಾಗಿ ಹೇಳಿದೆ. ‘ಯಾವುದರಿಂದ ಮಾಡ್ತೀರಿ ಡಾಕ್ಟ್ರೇ?’ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಕಲೆ ಬಿದ್ದಾಗಿದ್ದರೆ ಹಿಸ್ಟರೊಸ್ಕೋಪಿನಲ್ಲಿ ಬಿಡಿಸಬಹುದು. ಆದರೆ ಬಿಡಿಸಿದ್ದು ಮತ್ತೆ ಅಂಟಿಕೊಳ್ಳುವುದುಂಟು. ಕೆಲವು ವಾರಗಳಲ್ಲಿ ಇನ್ನೊಮ್ಮೆ ಒಳಗೆ ನೋಡಬೇಕು. ಅದಕ್ಕಾಗಿ ಹುಬ್ಬಳ್ಳಿಗೆ ಹೋಗುವುದಾದರೆ ಶಿರಸಿಯಿಂದ ಸುಮಾರು 100 ಕಿ.ಮೀ., ಸಿದ್ದಾಪುರದಿಂದ ಇನ್ನೂ ದೂರ. ನೋವಿಲ್ಲವೆಂದು ಆ ಎರಡನೇ ಪ್ರಯಾಣ ಬಿಡಬೇಡಿ. ಹೋಗುವಾಗ ಹಿಂದೆ ಕ್ಲೀನ್ ಮಾಡಿಸಿದ ಚೀಟಿ ಜೊತೆಗಿರಲಿ, ಇವೂ ನೆನಪಿರಲಿ: ಎಷ್ಟನೇ ತಿಂಗಳು, ಎಷ್ಟು ಸಲ, ಆಮೇಲೆ ಜ್ವರ ಬಂದಿತ್ತೇ, ಮುಟ್ಟು ಯಾವಾಗಿನಿಂದ ಕಡಿಮೆಯಾಯಿತು. ವೈದ್ಯರು ಮೊದಲು ಕೇಳುವುದು ಇದನ್ನೇ.