ಕಲಿತದ್ದು ಲೆಕ್ಕಕ್ಕೆ ಬರಬೇಕು

(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಹಿರಿಯ ವಿದ್ಯಾರ್ಥಿಗಳ ಬಳಗದ ಪರವಾಗಿ ಮಾಡಿದ ಭಾಷಣದ ಪಠ್ಯ)



ಶಾಲೆಯ ನೂರು ವರ್ಷಗಳ ಹಿರಿಮೆಯನ್ನು ನಮಗಿಂತ ಬಲ್ಲವರು ಬೆಳಗಿನಿಂದ ಹೇಳುತ್ತ ಬಂದಿದ್ದಾರೆ. ಇಲ್ಲಿ ಓದಿ ಹೊರಗೆ ಹೋದ ನಾವು ಬೇರೊಂದು ವಿಷಯವನ್ನು ಎತ್ತಿಕೊಳ್ಳುತ್ತೇವೆ. ಈ ಶಾಲೆಯ ಮಗು ಇಲ್ಲಿ ಕಲಿತದ್ದನ್ನು ಮುಂದಿನ ವಿದ್ಯಾಸಂಸ್ಥೆಗಳು ಯಾವ ಲೆಕ್ಕದಲ್ಲಿ ಹಿಡಿಯುತ್ತವೆ ಎಂಬುದೇ ಆ ವಿಷಯ.

ಶಾಲೆ ಆರಂಭವಾದಾಗ ತಾಳವಾಡಿಯೂ ಕೊಳ್ಳೇಗಾಲವೂ ಮದ್ರಾಸ್ ಪ್ರಾಂತ್ಯದ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದ್ರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದು ಇಂದಿನ ಈರೋಡು ಜಿಲ್ಲೆಯಾಯಿತು. ನಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರಕ್ಕಾದರೋ ಘಾಟಿಯೇ ಇಲ್ಲ. ಸಂತೆಗೂ ಆಸ್ಪತ್ರೆಗೂ ಬೀಗರ ಮನೆಗೂ ಆ ಕಡೆಗೇ ಹೋಗಿ ರೂಢಿಯಾದ ನಮಗೆ, ಮಗುವಿನ ಓದೂ ಆ ಕಡೆಗೇ ಸಾಗಬಹುದೆಂದು ತೋರುವುದು ಸಹಜ. ಆದರೆ ದಾರಿ ಸಮವಾಗಿದ್ದಷ್ಟು ನಿಯಮಗಳು ಸಮವಾಗಿಲ್ಲ.

ಇಲ್ಲಿ ಸ್ವಲ್ಪ ದೂರದ ಮಾತೊಂದನ್ನು ಹೇಳಬೇಕು. 1968ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಎಂಬ ಸಂಸ್ಥೆ ಹುಟ್ಟಿತು. ಉದ್ಯೋಗ ನಿಮಿತ್ತ ದೇಶದಿಂದ ದೇಶಕ್ಕೆ ಹೋಗುವವರ ಮಕ್ಕಳು ಎಲ್ಲಿ ಓದಿದರೂ ಆ ಓದು ಎಲ್ಲೆಡೆ ನಡೆಯಬೇಕೆಂಬುದು ಅದರ ಆಶಯ. ಅದರ ಎರಡು ವರ್ಷಗಳ ಡಿಪ್ಲೊಮಾ ನಮ್ಮ ಹನ್ನೆರಡನೆಯ ತರಗತಿಗೆ ಸಮ. ಆರು ವಿಷಯಗಳಿಗೆ ತಲಾ 7, ಜೊತೆಗೆ 3, ಹೀಗೆ ಒಟ್ಟು 45 ಅಂಕ. ಉನ್ನತ ಮಟ್ಟದಲ್ಲಿ ಓದಿದ ವಿಷಯದಲ್ಲಿ ಒಳ್ಳೆಯ ಅಂಕ ಬಂದಿದ್ದರೆ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಪದವಿಯ ಮೊದಲ ವರ್ಷದ ಪಾಠಗಳಲ್ಲಿ ಕೆಲವನ್ನು ಆ ವಿದ್ಯಾರ್ಥಿ ಮುಗಿಸಿದಂತೆಯೇ ಭಾವಿಸಿ ಕ್ರೆಡಿಟ್ ಕೊಡುತ್ತವೆ. ಕೆಲವು ವಿದ್ಯಾರ್ಥಿವೇತನವನ್ನೂ ಕೊಟ್ಟು ಕರೆದುಕೊಳ್ಳುತ್ತವೆ.

ಈ ಸಂಸ್ಥೆಯ ಇನ್ನೊಂದು ಪದ್ಧತಿ ನಮ್ಮ ಗಮನವನ್ನು ಹೆಚ್ಚಾಗಿ ಸೆಳೆಯಿತು. ಒಂದು ಭಾಷೆಯನ್ನು ಸಾಹಿತ್ಯಸಹಿತ ಓದಿ, ವಿಜ್ಞಾನವನ್ನೋ ಇತಿಹಾಸವನ್ನೋ ಮತ್ತೊಂದು ಭಾಷೆಯಲ್ಲಿ ಓದಿ ತೇರ್ಗಡೆಯಾದವರಿಗೆ ಅದು ‘ದ್ವಿಭಾಷಾ ಡಿಪ್ಲೊಮಾ’ ಎಂಬ ವಿಶೇಷ ಪದವನ್ನಿಟ್ಟು ಪ್ರಮಾಣಪತ್ರ ನೀಡುತ್ತದೆ. ಎರಡು ಭಾಷೆಗಳಲ್ಲಿ ಆಲೋಚಿಸಬಲ್ಲವರೆಂಬುದು ಅವರಿಗೆ ಹೆಗ್ಗಳಿಕೆ.

ತಾಳವಾಡಿಯ ಮಗು ಮಾಡುವುದೂ ಇದನ್ನೇ ಅಲ್ಲವೆ? ವಿಜ್ಞಾನ, ಗಣಿತ, ಸಮಾಜ ವಿಜ್ಞಾನಗಳನ್ನು ಅದು ಕನ್ನಡದಲ್ಲಿ ಓದುತ್ತದೆ. ತಮಿಳನ್ನು ಭಾಷೆಯಾಗಿ ಓದುತ್ತದೆ. ಇಂಗ್ಲಿಷ್ ಬೇರೆ ಇದೆ. ಲಕ್ಷಾಂತರ ರೂಪಾಯಿ ಶುಲ್ಕ ತೆತ್ತು ಪಡೆಯುವ ಹೆಗ್ಗಳಿಕೆ ಈ ಗುಡ್ಡಗಳ ನಡುವೆ ಬಿಟ್ಟಿಯಾಗಿ ಬೆಳೆಯುತ್ತಿದೆ. ಅದಕ್ಕೆ ಹೆಸರಿಟ್ಟವರಿಲ್ಲ, ಅಷ್ಟೆ.

ಹೆಸರಿಡದಿರುವುದು ಹಾಗಿರಲಿ, ಲೆಕ್ಕವೂ ಸರಿಯಾಗಿಲ್ಲ. 2006ರ ತಮಿಳು ಕಲಿಕಾ ಕಾಯ್ದೆ ಒಂದನೆಯ ತರಗತಿಯಿಂದ ವರ್ಷಕ್ಕೊಂದರಂತೆ ಮೇಲೇರಿ 2016ರ ಹೊತ್ತಿಗೆ ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತರಿಗೆ ನ್ಯಾಯಾಲಯಗಳಿಂದ ಆಗಾಗ ವಿನಾಯಿತಿ ದೊರೆತಿದೆ. ತಮಿಳು ಕಲಿಯುವುದರ ಬಗ್ಗೆ ನಮಗೆ ಆಕ್ಷೇಪವಿಲ್ಲ. ಬದುಕುವ ನಾಡಿನ ಭಾಷೆ ಬೇಡವೆನ್ನುವುದು ಅವಿವೇಕ. ಆದರೆ ಮಗುವಿನ ಮನೆಮಾತು ಐಚ್ಛಿಕ ವಿಷಯವಾಗಿ, 500 ಅಂಕಗಳ ಮೊತ್ತದ ಹೊರಗೆ ನಿಂತಿತು. ಹತ್ತು ವರ್ಷ ಶ್ರದ್ಧೆಯಿಂದ ಓದಿದ ಭಾಷೆಯ ಅಂಕ ಎಲ್ಲಿಯೂ ಕೂಡುವುದಿಲ್ಲವೆಂದಾದಾಗ ಮಗುವಿಗಿಂತ ಮೊದಲು ತಂದೆತಾಯಿಗಳ ಮನಸ್ಸು ಕದಲುತ್ತದೆ. ಉದ್ಯೋಗದಲ್ಲಿಯೂ ಹಾಗೆಯೇ: ತಮಿಳು ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಗಳಲ್ಲಿ 2010ರ ಕಾಯ್ದೆಯಂತೆ ದೊರೆಯುವ ಶೇ. 20ರ ಆದ್ಯತೆ ಕನ್ನಡ ಮಾಧ್ಯಮದವರಿಗೆ ಇಲ್ಲ.

ಹಾಗಾದರೆ ಗಡಿ ದಾಟಿದರೆ? ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ‘ಗಡಿನಾಡ ಕನ್ನಡಿಗ’ ಎಂಬ ವರ್ಗವೊಂದಿದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳ ಹೆಸರು ಅದರಲ್ಲಿವೆ. ತಾಳವಾಡಿಯ ಹೆಸರಿಲ್ಲ. ನಮ್ಮ ಮಕ್ಕಳು ‘ಹೊರನಾಡ ಕನ್ನಡಿಗ’ರ ಸಾಲಿನಲ್ಲಿ ನಿಂತು, ಕನ್ನಡ ಬರುತ್ತದೆಂಬುದನ್ನು ಭಾಷಾ ಪರೀಕ್ಷೆ ಬರೆದು ತೋರಿಸಬೇಕು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಈ ಪರೀಕ್ಷೆ ನ್ಯಾಯವೇ ಸರಿ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿಯೇ ಓದಿದ, ಡಾ. ರಾಜ್‌ಕುಮಾರ್ ಅವರ ಗಾಜನೂರಿನ ನೆರೆಯ ಮಗುವಿಗೂ ಅದೇ ಪರೀಕ್ಷೆ ಎಂದರೆ ನಗಬೇಕೋ ಅಳಬೇಕೋ ತಿಳಿಯದು.

ತಂದೆತಾಯಿಗಳು ಮುಖ್ಯವಾಗಿ ಕೇಳಬೇಕಾದ ಮಾತು ಮುಂದಿನದು. ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೆಯ ತರಗತಿಯವರೆಗೆ ಓದಿದವರಿಗೆ ವೈದ್ಯಕೀಯದಲ್ಲಿ 2020ರಿಂದ, ಇಂಜಿನಿಯರಿಂಗ್‌ನಲ್ಲಿ 2021ರಿಂದ ಶೇ. 7.5ರ ಮೀಸಲಾತಿಯಿದೆ; ಆ ಸೀಟು ದೊರೆತವರ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ‘ಪುದುಮೈ ಪೆಣ್’ ಯೋಜನೆಯಲ್ಲಿ 2022ರಿಂದ ತಿಂಗಳಿಗೆ 1,000 ರೂಪಾಯಿ ಬರುತ್ತಿದೆ. 2024ರಲ್ಲಿ ಗಂಡುಮಕ್ಕಳಿಗೂ ‘ತಮಿಳ್ ಪುದಲ್ವನ್’ ಎಂಬ ಹೆಸರಿನಲ್ಲಿ ಅಂಥದೇ ಯೋಜನೆ ಬಂದಿತು. 7.5ರ ಮೀಸಲಾತಿಗೆ ನೋಡುವುದು ಸರ್ಕಾರಿ ಶಾಲೆಯೋ ಅಲ್ಲವೋ ಎಂಬುದನ್ನು, ಮಾಧ್ಯಮವನ್ನಲ್ಲ. ಹತ್ತು ಮುಗಿದೊಡನೆ ಹತ್ತಿರವೆಂಬ ಒಂದೇ ಕಾರಣಕ್ಕೆ ಮಗುವನ್ನು ಚಾಮರಾಜನಗರದ ಪಿಯುಸಿಗೆ ಸೇರಿಸಿದರೆ ಆ ಹಕ್ಕು ಅಲ್ಲಿಗೆ ತಪ್ಪಿತು. ಸೇರಿಸಬೇಡಿ ಎಂದು ನಾವು ಹೇಳುವುದಿಲ್ಲ. ಹನ್ನೆರಡರವರೆಗೆ ಕನ್ನಡದಲ್ಲಿ ಓದಬೇಕೆಂಬ ಹಂಬಲಕ್ಕೂ ಬೆಲೆಯಿದೆ. ಏನನ್ನು ಬಿಟ್ಟು ಏನನ್ನು ಪಡೆಯುತ್ತಿದ್ದೇವೆಂದು ಅರಿತು ಸೇರಿಸಿರಿ.

ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತದೆ. ಆದರೆ ಕನ್ನಡವನ್ನು ಆರಿಸಿಕೊಂಡವರಿಗೆ ಪರೀಕ್ಷಾ ಕೇಂದ್ರ ಕರ್ನಾಟಕದಲ್ಲಿ ಮಾತ್ರ. ನಮಗೆ ಮೈಸೂರು ಈರೋಡಿಗಿಂತ ಕಷ್ಟದ ದಾರಿಯೇನಲ್ಲ. ಅರ್ಜಿ ತುಂಬುವಾಗ ಇದನ್ನು ನೆನಪಿಡಬೇಕು. ಹತ್ತರ ನಂತರ ಪಾಲಿಟೆಕ್ನಿಕ್ ಸೇರುವವರಿಗೆ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿ ನೇರವಾಗಿ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಹೋಗುವ ದಾರಿ ಎರಡೂ ರಾಜ್ಯಗಳಲ್ಲಿದೆ. ಹಿಂದೆ ಕಲಿತದ್ದಕ್ಕೆ ಒಂದು ವರ್ಷವನ್ನೇ ಮನ್ನಾ ಮಾಡುವ ಈ ಪದ್ಧತಿ ಜಿನೀವಾದಿಂದ ಬಂದದ್ದಲ್ಲ, ನಮ್ಮಲ್ಲಿಯೇ ಬಹುಕಾಲದಿಂದ ನಡೆದು ಬಂದಿದೆ. ಕಲಿತ ಪಾಠಗಳ ಕ್ರೆಡಿಟ್ಟನ್ನು ಕೂಡಿಟ್ಟು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಒಯ್ಯುವ ವ್ಯವಸ್ಥೆಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ 2021ರಲ್ಲಿ ತಂದಿದೆ. ಯಂತ್ರಶಾಸ್ತ್ರದ ಓದನ್ನು ಹೀಗೆ ಎಣಿಸಬಹುದಾದರೆ ಭಾಷೆಯ ಓದನ್ನು ಎಣಿಸಲು ಅಡ್ಡಿಯೇನು?

ಆದುದರಿಂದ ನಮ್ಮ ಬಳಗ ಮನವಿಯೊಂದನ್ನು ಸಿದ್ಧಪಡಿಸಿದೆ. ಗಡಿನಾಡಿನ ಪಟ್ಟಿಗೆ ತಾಳವಾಡಿಯನ್ನು ಸೇರಿಸಬೇಕೆಂದು ಕರ್ನಾಟಕ ಸರ್ಕಾರವನ್ನೂ, ಐಚ್ಛಿಕವಾಗಿ ಓದಿದ ಕನ್ನಡಕ್ಕೆ ಮೊತ್ತದಲ್ಲಿ ಸ್ಥಾನ ಕೊಡಬೇಕೆಂದು ತಮಿಳುನಾಡು ಸರ್ಕಾರವನ್ನೂ ಅದರಲ್ಲಿ ಕೋರಿದ್ದೇವೆ. ಮೈಸೂರು ಮತ್ತು ಚಾಮರಾಜನಗರದ ವಿಶ್ವವಿದ್ಯಾಲಯಗಳಿಗೆ ಬರೆದ ಪತ್ರ ಬೇರೆಯಿದೆ: ಇಲ್ಲಿಂದ ಪದವಿಗೆ ಬರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಕೆಲವಾದರೂ ವಿದ್ಯಾರ್ಥಿವೇತನಗಳಿರಲಿ, ಅವರ ತಮಿಳು ಜ್ಞಾನಕ್ಕೆ ಭಾಷಾ ಪಾಠದ ಕ್ರೆಡಿಟ್ ಇರಲಿ ಎಂದು. ಎರಡು ಭಾಷೆಗಳನ್ನು ಬಲ್ಲವರು ಅನುವಾದಕ್ಕೂ ಶಾಸನಗಳ ಅಧ್ಯಯನಕ್ಕೂ ಆ ವಿಶ್ವವಿದ್ಯಾಲಯಗಳಿಗೇ ಬೇಕಾದವರು. ನಾವು ಬೇಡುತ್ತಿರುವುದು ದಯೆಯಲ್ಲ.

ಮನವಿಯ ಪ್ರತಿಗಳನ್ನು ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಊಟಕ್ಕೆ ಹೋಗುವ ಮುನ್ನ ಓದಿ ನೋಡಿ, ಒಪ್ಪಿಗೆಯಾದವರು ಸಹಿ ಹಾಕಬೇಕೆಂದು ಕೋರುತ್ತೇವೆ. ಹತ್ತನೆಯ ತರಗತಿಯ ಮಕ್ಕಳ ತಂದೆತಾಯಿಗಳು ದಯಮಾಡಿ ಸ್ವಲ್ಪ ಹೊತ್ತು ಇಲ್ಲಿಯೇ ಉಳಿಯಿರಿ; ವ್ಯಾಸಂಗ ಪ್ರಮಾಣಪತ್ರ, ವಾಸಸ್ಥಳದ ಪ್ರಮಾಣಪತ್ರಗಳ ವಿಷಯವಾಗಿ ಒಬ್ಬೊಬ್ಬರೊಡನೆಯೂ ಕುಳಿತು ಮಾತನಾಡಲು ನಮ್ಮ ಬಳಗದವರು ಕಾದಿದ್ದಾರೆ.