ಸೊಲ್ಲಾಪುರದ ಗಿರಣಿ, ಮಗ್ಗ, ಮನೆ

ಸೊಲ್ಲಾಪುರ ಎಂದೊಡನೆ ನಮಗೆ ನೆನಪಾಗುವುದು ಚಾದರ. ಹಾಸಲಿಕ್ಕೂ ಆಯಿತು, ಹೊದೆಯಲಿಕ್ಕೂ ಆಯಿತು ಎನ್ನುವಂಥ, ಜಕಾರ್ಡ್ ಮಗ್ಗದಲ್ಲಿ ನೇಯ್ದ ದಪ್ಪ ಹತ್ತಿಯ ಚಾದರ. ಅದನ್ನು ನೇಯುವ ಊರಿನ ಕಥೆ ಮಾತ್ರ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

12ನೇ ಶತಮಾನದಲ್ಲಿ ಇದು ಸೊನ್ನಲಿಗೆ. ವಚನಕಾರ ಸಿದ್ಧರಾಮ ಜನರನ್ನು ಕೂಡಿಸಿ ಇಲ್ಲಿ ಕೆರೆ ಕಟ್ಟಿಸಿದ. ಮಳೆ ಕೈಕೊಡುವ ಜೋಳದ ಸೀಮೆಗೆ ನೀರಿಗಿಂತ ದೊಡ್ಡ ಬಂಡವಾಳ ಯಾವುದು? ಸಂಕ್ರಾಂತಿಗೆ ಅವನ ಜಾತ್ರೆ ಇಂದಿಗೂ ನಡೆಯುತ್ತದೆ.

1860ರ ಹೊತ್ತಿಗೆ ಮುಂಬಯಿಯ ರೈಲು ಬಂತು. 1877ರಲ್ಲಿ, ಭೀಕರ ಬರದ ನಡುವೆಯೇ, ಮೊದಲ ಬಟ್ಟೆ ಗಿರಣಿ ಶುರುವಾಯಿತು. ಜನ ಅದನ್ನು ಜುನಿ ಮಿಲ್ ಎಂದರು. ಗಿರಣಿಗಳು ಹೆಚ್ಚಿದಂತೆ ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು, ಸುತ್ತಲ ಹಳ್ಳಿಗಳಿಂದ ಕನ್ನಡಿಗರೂ ಮರಾಠಿಗರೂ ಬಂದರು. ಒಂದೇ ಪಾಳಿಯಲ್ಲಿ ಮೂರು ಭಾಷೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿಗೆ ಇದೇ ಜನ ಬೀದಿಗಿಳಿದರು. ಸರ್ಕಾರ ಸೇನಾಡಳಿತ ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್ ಗಲ್ಲಿಗೇರಿದರು. ಆ ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಸೊಲ್ಲಾಪುರ ಎಂಥ ಊರು ಎಂದು ತಿಳಿಯುತ್ತದೆ.

ಮುಂದೆ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ದುಡಿಮೆ ನಿಲ್ಲಲಿಲ್ಲ, ಜಾಗ ಬದಲಿಸಿತು. ಗಂಡಸರು ಸಣ್ಣ ಪವರ್‌ಲೂಮ್ ಶೆಡ್‌ಗಳಿಗೆ ಹೋದರು. ಹೆಂಗಸರು ಮನೆಯಲ್ಲೇ ಮೊರ ಹಿಡಿದು ಬೀಡಿ ಕಟ್ಟತೊಡಗಿದರು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಚಾದರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸಂತೋಷ. ಆದರೆ ಊರಿನ ಎಷ್ಟೋ ಒಲೆಗಳನ್ನು ಉರಿಸಿದ್ದು ಈ ಹೆಂಗಸರ ಬೆರಳುಗಳು. ಸೊಲ್ಲಾಪುರದ ಚರಿತ್ರೆ ಬರೆಯುವವರು ಅವರನ್ನು ಬಿಟ್ಟು ಬರೆಯಬಾರದು.

ಸೊಲ್ಲಾಪುರಕ್ಕೆ ಹತ್ತಿರದ ಅಕ್ಕಲಕೋಟೆಯ ಬದುಕಿನ ದಾರಿ ಬೇರೆ. ಭೋಸಲೆ ಅರಸರ ಸಣ್ಣ ಸಂಸ್ಥಾನವಾಗಿದ್ದ ಈ ಊರಿಗೆ, 1878ರಲ್ಲಿ ಇಲ್ಲಿಯೇ ಸಮಾಧಿಯಾದ ಸ್ವಾಮಿ ಸಮರ್ಥರ ಭಕ್ತರೇ ಇಂದು ದೊಡ್ಡ ಆಧಾರ. ವಸತಿಗೃಹ, ಖಾನಾವಳಿ, ಹೂವಿನಂಗಡಿ ಎಲ್ಲ ಅವರಿಂದಲೇ. ತಾಲೂಕಿನ ಹಳ್ಳಿಗಳಲ್ಲಿ ಮಾತು ಹೆಚ್ಚಾಗಿ ಕನ್ನಡ. ಕನ್ನಡ ಶಾಲೆಗಳೂ ಇವೆ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೊರಟರೆ ದಾರಿಯಲ್ಲಿ ಕುಂಭಾರಿ ಸಿಗುತ್ತದೆ. ಬೀಡಿ ಕಟ್ಟುವ ಹೆಂಗಸರು ಸಹಕಾರ ಸಂಘ ಕಟ್ಟಿಕೊಂಡು, ವರ್ಷಗಟ್ಟಲೆ ಹೋರಾಡಿ, ಅಲ್ಲಿ ಹತ್ತು ಸಾವಿರ ಮನೆಗಳನ್ನು ಪಡೆದರು. 2006ರಲ್ಲಿ ಕೀಲಿಕೈ ಅವರ ಕೈಗೆ ಬಂತು.