ಇಂದು ನಗದು, ನಾಳೆ ಉದ್ರಿ

(ಕೂಟದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಊಟಕ್ಕೆ ಮುಂಚಿನ ಕೊನೆಯ ಭಾಷಣ ನನ್ನದು. ಬಿಸಿಬೇಳೆ ಬಾತಿನ ಪರಿಮಳ ನಿಮ್ಮಂತೆ ನನ್ನ ಮೂಗಿಗೂ ಬರುತ್ತಿದೆ. ಆದ್ದರಿಂದ ದೊಡ್ಡ ವಿಷಯ ಬೇಡ. ನನ್ನ ಮರ್ಯಾದೆ ಹೋದ ಒಂದು ಚಿಕ್ಕ ಪ್ರಸಂಗ ಹೇಳಿ ವೇದಿಕೆ ಇಳಿಯುತ್ತೇನೆ.

ಕಳೆದ ವರ್ಷ ನನಗೆ ಅರವತ್ತು ತುಂಬಿತು. "ಏನು ಬೇಕಮ್ಮಾ?" ಎಂದು ಮಕ್ಕಳು ಕೇಳಿದರು. "ಏನೂ ಬೇಡ" ಎಂದೆ. ನಮ್ಮಲ್ಲಿ ಅಮ್ಮಂದಿರೆಲ್ಲ ಕೊಡುವ ಉತ್ತರವೇ ಅದು. ಆದರೆ ಒಳಗೊಂದು ಆಸೆ ಇತ್ತು. 1981ರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪಯ್ಯ ಒಂದು ಎಚ್‌ಎಂಟಿ ಗಡಿಯಾರ ಕೊಡಿಸಿದ್ದರು. ದಿನಾ ಬೆಳಿಗ್ಗೆ ಕೀಲಿ ಕೊಡಬೇಕಾದ ಗಡಿಯಾರ. ನನ್ನೊಡನೆ ಸಾಗರ ದಾಟಿ ಬಂದು, ಬಹುಕಾಲ ಓಡಿ, ಒಂದು ದಿನ ನಿಂತಿತು. ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ಆ ಗಡಿಯಾರದ ಉದ್ಯಮವನ್ನೇ ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಮುಂದೆ ನನ್ನದು ಬರಿಗೈ. ಅರವತ್ತಕ್ಕಾದರೂ ನನ್ನ ದುಡ್ಡಿನಲ್ಲಿ, ನನಗಾಗಿ, ಒಂದು ಒಳ್ಳೆಯ ಕೈಗಡಿಯಾರ ಕೊಳ್ಳೋಣ ಎಂದುಕೊಂಡೆ.

ಮನೆಯಲ್ಲಿ ಯಾರಿಗೂ ಹೇಳದೆ ಫ್ರೀಮಾಂಟಿನಲ್ಲಿ ಬಾರ್ಟ್ ಹತ್ತಿ, ಸ್ಯಾನ್ ಫ್ರಾನ್ಸಿಸ್ಕೋದ ಪವೆಲ್ ಸ್ಟ್ರೀಟಿನಲ್ಲಿ ಇಳಿದು, ಯೂನಿಯನ್ ಸ್ಕ್ವೇರ್ ಬಳಿಯ ಒಂದು ಅಂಗಡಿಗೆ ಹೋದೆ. ಒಂದು ಗಂಟೆ ನೋಡಿ ಒಂದನ್ನು ಆರಿಸಿದೆ. ಆರುನೂರ ನಲವತ್ತು ಡಾಲರ್. ಕಾರ್ಡು ಕೊಟ್ಟೆ. ಮಾರುವ ಹುಡುಗ ಒಮ್ಮೆ ಹಾಕಿದ, ಇನ್ನೊಮ್ಮೆ ಹಾಕಿದ. ಆಮೇಲೆ ದನಿ ತಗ್ಗಿಸಿ, "ಡಿಕ್ಲೈನ್ ಆಗಿದೆ ಮೇಡಂ, ಬೇರೆ ಕಾರ್ಡ್ ಇದೆಯೇ?" ಎಂದ. ಬೇರೆ ಕಾರ್ಡು ಮನೆಯಲ್ಲಿ, ಯಜಮಾನರ ಜೇಬಿನಲ್ಲಿ! ಹಿಂದೆ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಗಡಿಯಾರವನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಹತ್ತು ವರ್ಷದ ಹುಡುಗಿಯಾದಂತೆ ಕಣ್ಣು ತುಂಬಿತು.

ಹತ್ತು ವರ್ಷ ಎಂದದ್ದಕ್ಕೆ ಕಾರಣವಿದೆ. ತೀರ್ಥಹಳ್ಳಿಯ ಹತ್ತಿರದ ನಮ್ಮೂರಿನಲ್ಲಿ ಒಂದು ದಿನಸಿ ಅಂಗಡಿ. "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು ಗೋಡೆಯ ಮೇಲೆ. ಅದರ ಕೆಳಗೇ, ಶೆಟ್ಟರ ಮುಂದೆ, ಕೆಂಪು ರಟ್ಟಿನ ಉದ್ರಿ ಪುಸ್ತಕ. ಅಪ್ಪಯ್ಯ ಮೇಷ್ಟ್ರು. ಸಂಬಳ ಬಂದ ದಿನ ಲೆಕ್ಕ ಚುಕ್ತಾ. ಒಂದು ಸಲ ಸಂಬಳ ತಡವಾಗಿತ್ತು. ಬೆಲ್ಲಕ್ಕೆಂದು ಹೋದ ನನಗೆ ಶೆಟ್ಟರು, "ಅಪ್ಪಯ್ಯನಿಗೆ ಒಂದ್ಸಲ ಈ ಕಡೆ ಬರೋಕೆ ಹೇಳು ಮಗಾ" ಎಂದರು. ಹತ್ತು ವರ್ಷದವಳಿಗೂ ಆ ಮಾತಿನ ಅರ್ಥ ತಿಳಿಯಿತು. ಆದರೆ ಬೆಲ್ಲವನ್ನು ಕಟ್ಟಿಕೊಟ್ಟರು ಅನ್ನಿ.

ಆ ಉದ್ರಿ ಪುಸ್ತಕದ ಅಮೆರಿಕನ್ ಅವತಾರ ಬೆಳೆದದ್ದು ನಾವಿರುವ ಈ ಕ್ಯಾಲಿಫೋರ್ನಿಯಾದಲ್ಲೇ. ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕ್ ಆಫ್ ಅಮೆರಿಕಾ 1958ರಲ್ಲಿ ಫ್ರೆಸ್ನೋ ಊರಿನ 60,000 ಮಂದಿಗೆ, ಅವರು ಕೇಳದೆಯೇ, ಅಂಚೆಯಲ್ಲಿ ಕಾರ್ಡು ಕಳಿಸಿತು. 1976ರಲ್ಲಿ ಆ ಕಾರ್ಡಿಗೇ ವೀಸಾ ಎಂಬ ಹೆಸರು ಬಂತು. ವೀಸಾ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಬೇರೆಯೇ; ಎರಡೂ ಸಿಗುವುದು ಕಷ್ಟ ಎಂಬುದು ಮಾತ್ರ ಸಮಾನ. 1988ರಲ್ಲಿ ನಾವು ಬಂದಾಗ ಊರಿನಲ್ಲಿ ಒಂದು ಪೈಸೆ ಸಾಲ ಉಳಿಸಿಕೊಳ್ಳದ ನಮ್ಮವರ ಅರ್ಜಿ ತಿರಸ್ಕೃತವಾಯಿತು. ಕಾರಣ, ಅವರಿಗೆ ಸಾಲದ ಚರಿತ್ರೆಯೇ ಇಲ್ಲ! ಕೊನೆಗೆ ಐನೂರು ಡಾಲರ್ ಠೇವಣಿ ಇಟ್ಟು ಐನೂರು ಡಾಲರಿನ ಕಾರ್ಡು ಪಡೆದೆವು. ನಮ್ಮ ದುಡ್ಡೇ ನಮಗೆ ಸಾಲ.

ಮತ್ತೆ ಅಂಗಡಿಯ ಹೊರಗಿನ ಬೆಂಚಿಗೆ ಬರೋಣ. ಕಾರ್ಡಿನ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಜನ್ಮದಿನಾಂಕ ಕೇಳಿ, ಇತ್ತೀಚಿನ ಖರ್ಚುಗಳನ್ನು ಒಂದೊಂದಾಗಿ ಓದಿದಳು. ಇಂಡಿಯನ್ ಸ್ಟೋರ್ ನಲವತ್ತೆರಡು ಡಾಲರ್, ನೀವೇನಾ? ನಾನೇ. ಪೆಟ್ರೋಲು? ನಾನೇ. ಮಕ್ಕಳ ಆಟಿಕೆ ಅಂಗಡಿ? ಮೊಮ್ಮಗನಿಗೆ, ನಾನೇ. ಔಷಧಿ ಅಂಗಡಿ? ನಾನೇ. "ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರದ ಅಂಗಡಿ?" ಒಂದು ಕ್ಷಣ ತಡೆದು, "ಅದೂ ನಾನೇ" ಎಂದೆ.

"ಕ್ಷಮಿಸಿ. ಇದು ನಿಮ್ಮ ಎಂದಿನ ಖರ್ಚಿನ ರೀತಿಗೆ ಹೊಂದುತ್ತಿರಲಿಲ್ಲ. ಯಾರೋ ಕಾರ್ಡು ಕದ್ದಿರಬಹುದು ಎಂದು ಕಂಪ್ಯೂಟರು ತಡೆದಿದೆ. ನಿಮ್ಮ ಮೊಬೈಲಿಗೆ ಸಂದೇಶವನ್ನೂ ಕಳಿಸಿದೆ" ಎಂದಳು. ಮೊಬೈಲು ಚೀಲದ ತಳದಲ್ಲಿ, ಸದ್ದು ಅಡಗಿಸಿಕೊಂಡು ಕುಳಿತಿತ್ತು.

ನಮ್ಮ ಮಗ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವನು. ಮನೆಗೆ ಬಂದ ಮೇಲೆ ವಿವರಿಸಿದ. ಅಂಗಡಿಯ ಯಂತ್ರ ಕೇಳಿದ ಪ್ರಶ್ನೆ ಅಂಗಡಿಯವರ ಬ್ಯಾಂಕು, ಕಾರ್ಡಿನ ಜಾಲ, ನಮ್ಮ ಬ್ಯಾಂಕು ಎಂದು ಸುತ್ತಿ ಕೆಲವೇ ಕ್ಷಣದಲ್ಲಿ ಉತ್ತರ ತರುತ್ತದೆ. ಮಿತಿ ಮೀರಿರಬಹುದು, ಅವಧಿ ಮುಗಿದಿರಬಹುದು, ಜಿಪ್ ಕೋಡ್ ತಪ್ಪಿರಬಹುದು, ಅನುಮಾನ ಬಂದಿರಬಹುದು. ಅನೇಕ ವೇಳೆ ಅಂಗಡಿಯವನಿಗೆ ನಿಜವಾದ ಕಾರಣ ತಿಳಿಯುವುದೇ ಇಲ್ಲ. ಆ ಉತ್ತರಗಳಲ್ಲಿ ಒಂದು ಸಂಖ್ಯೆ 05. ಅದರ ಹೆಸರು "ಡು ನಾಟ್ ಆನರ್" ಅಂತೆ. ಮರ್ಯಾದೆ ಕೊಡಬೇಡ! ಹೆಸರಿಟ್ಟವನು ನನ್ನ ಮುಖ ನೋಡಿಯೇ ಇಟ್ಟಿರಬೇಕು. ನಮ್ಮ ಖರ್ಚಿನ ಜಾಡು ಕಲಿತು ಕಳ್ಳನನ್ನು ಗುರುತಿಸುವ ಇಂಥ ಒಂದು ಕಾರ್ಯಕ್ರಮ, ಫಾಲ್ಕನ್ ಎಂಬುದು, ಸ್ಯಾನ್ ಡಿಯಾಗೋದಲ್ಲಿ 1992ರಲ್ಲೇ ಬಂದಿತ್ತು.

ಮಗ ನಗುತ್ತಾ ಹೇಳಿದ: "ಯಂತ್ರದ್ದು ತಪ್ಪಿಲ್ಲಮ್ಮ. ನೀನು ನಿನಗೆ ಅಂತ ಏನಾದರೂ ಕೊಂಡಿದ್ದರೆ ತಾನೇ ಅದಕ್ಕೆ ಗೊತ್ತಾಗೋದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಶೆಟ್ಟರ ಪುಸ್ತಕದಲ್ಲಿ ನಮ್ಮ ಮನೆಯ ಪುಟ ಕಣ್ಣಿಗೆ ಕಟ್ಟಿತು. ಅಕ್ಕಿ, ಬೆಲ್ಲ, ಸೀಮೆಎಣ್ಣೆ, ಟೀ ಪುಡಿ, ಅಪ್ಪಯ್ಯನಿಗೆ ನಶ್ಯ, ಮಕ್ಕಳಿಗೆ ಪೆನ್ಸಿಲು. ಅಮ್ಮನಿಗೆಂದು ಒಂದು ಸಾಲೂ ಇರಲಿಲ್ಲ. ಅಮ್ಮ ತೀರಿಹೋಗಿ ಹತ್ತೊಂಬತ್ತು ವರ್ಷವಾಯಿತು. ಅವಳಿಗೆ ಏನು ಬೇಕಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದಾಗಲೆಲ್ಲ "ಏನೂ ಬೇಡ" ಎಂದಿದ್ದಳು. ನಾನೂ ನನ್ನ ಮಗಳಿಗೆ ಅದನ್ನೇ ಹೇಳಿ ಬಂದಿದ್ದೆ.

ಮರುವಾರ ಮಗಳನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದೆ. ಅದೇ ಹುಡುಗ, ಅದೇ ಕಾರ್ಡು. ಈ ಸಲ ಯಂತ್ರ ಮರುಮಾತಾಡಲಿಲ್ಲ. ಇಗೋ, ಇದೇ ಗಡಿಯಾರ.

ಬಂಧುಗಳೇ, ಹೊಸದಾಗಿ ಬಂದಿರುವ ಹುಡುಗ ಹುಡುಗಿಯರಿಗೆ ಮೂರು ಮಾತು. ದೂರ ಹೋಗುವಾಗ ಎರಡನೆಯ ಕಾರ್ಡೊಂದು ಜೊತೆಗಿರಲಿ. ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲೂ ಒಂದು ಕಾರ್ಡು, ಒಂದು ಖಾತೆ ಪ್ರತ್ಯೇಕವಾಗಿರಲಿ. ಗಂಡನ ಸಹಿ ಇಲ್ಲದೆ ಹೆಂಡತಿ ತನ್ನದೇ ಹೆಸರಿನಲ್ಲಿ ಸಾಲ ಪಡೆಯುವ ಹಕ್ಕು ಈ ದೇಶದಲ್ಲೂ 1974ರ ಕಾನೂನಿನಿಂದ ಬಂದದ್ದು. ಮೂರನೆಯದು ನನ್ನ ವಯಸ್ಸಿನ ಅಕ್ಕತಂಗಿಯರಿಗೆ: ವರ್ಷಕ್ಕೊಮ್ಮೆ ನಿಮಗಾಗಿ ಏನಾದರೂ ಕೊಳ್ಳಿ. ಯಂತ್ರಕ್ಕೂ ಅಭ್ಯಾಸವಾಗಲಿ, ಮನೆಯವರಿಗೂ ಅಭ್ಯಾಸವಾಗಲಿ.

ನನ್ನ ಹೊಸ ಗಡಿಯಾರದ ಪ್ರಕಾರ ನನಗೆ ಕೊಟ್ಟ ಸಮಯ ಮುಗಿದು ಎರಡು ನಿಮಿಷವಾಗಿದೆ. ಊಟಕ್ಕೆ ಏಳೋಣ.